ಸೋತ ಆದೇಶಗಳನ್ನು ಓದುವ ಕೆಲಸ

(ದಾವಣಗೆರೆಯಲ್ಲಿ ಕಾನೂನು ವಿದ್ಯಾರ್ಥಿಗಳು ಮತ್ತು ಕಿರಿಯ ವಕೀಲರ ಮುಂದೆ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಹೆಚ್ಚು ತಿದ್ದಿಲ್ಲ.)

ಎಲ್ಲರಿಗೂ ನಮಸ್ಕಾರ. ವೇದಿಕೆ ಮೇಲಿರುವವರ ಹೆಸರನ್ನೆಲ್ಲ ನಿರೂಪಕರು ಆಗಲೇ ಹೇಳಿದ್ದಾರೆ. ನಾನೂ ಇನ್ನೊಮ್ಮೆ ಶುರು ಮಾಡಿದರೆ ಊಟದ ಹೊತ್ತಾಗುತ್ತದೆ. ಹಾಗಾಗಿ ನೇರ ವಿಷಯಕ್ಕೆ ಬರುತ್ತೇನೆ.

ಬಡವರಿಗೆ ಉಚಿತ ಕಾನೂನು ನೆರವು ಅಂದ ಕೂಡಲೇ ನಮಗೆ ನೆನಪಾಗುವುದು ಕರಿ ಕೋಟು ಹಾಕಿಕೊಂಡು ಜಡ್ಜ್ ಮುಂದೆ ನಿಂತ ವಕೀಲರು. ಫೀಸು ತಗೊಳ್ಳದೆ ವಾದ ಮಾಡಿದರು, ಕೇಸು ಗೆದ್ದರು, ಕಕ್ಷಿದಾರರು ಕೈ ಮುಗಿದರು. ಅದು ಬೇಡ ಅಂತ ಯಾರೂ ಹೇಳುವುದಿಲ್ಲ. ಆದರೆ ಇವತ್ತು ನಾನು ಮಾತಾಡುವುದು ಇನ್ನೊಂದು ಕೆಲಸದ ಬಗ್ಗೆ. ಅದಕ್ಕೆ ಕೋಟೂ ಬೇಡ, ಜಡ್ಜೂ ಬೇಡ. ಹಳೇ ಕಡತ ಹುಡುಕುವುದು. ಆ ಕಾಲದ ನಿಯಮ ಯಾವುದು ಎಂದು ಪತ್ತೆ ಮಾಡುವುದು. ಒಂದೇ ಥರದ ಮೂವತ್ತು ನಲವತ್ತು ಆದೇಶಗಳನ್ನು ಮುಂದೆ ಹರಡಿಕೊಂಡು, ಬಡವರು ಸೋತದ್ದು ಎಲ್ಲಿ ಎಂದು ಬರೆದಿಟ್ಟುಕೊಳ್ಳುವುದು. ಚಪ್ಪಾಳೆ ಬೀಳುವ ಕೆಲಸ ಅಲ್ಲ ಇದು. ಧೂಳು ಜಾಸ್ತಿ.

ಈಗಿರುವ ವ್ಯವಸ್ಥೆಯನ್ನು ಬೇಗ ಹೇಳಿ ಮುಗಿಸುತ್ತೇನೆ, ನಿಮಗೆ ಪರೀಕ್ಷೆಗೆ ಹೇಗೂ ಓದಲೇಬೇಕು. ಸಂವಿಧಾನಕ್ಕೆ 39ಎ ವಿಧಿ ಸೇರಿದ್ದು 1976ರಲ್ಲಿ, 42ನೇ ತಿದ್ದುಪಡಿಯಿಂದ. ದುಡ್ಡಿಲ್ಲ ಅನ್ನುವ ಕಾರಣಕ್ಕೆ ಯಾರಿಗೂ ನ್ಯಾಯ ತಪ್ಪಬಾರದು ಎನ್ನುತ್ತದೆ ಅದು. ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಆದದ್ದು 1987ರಲ್ಲಿ, ಜಾರಿಗೆ ಬಂದದ್ದು 1995ರ ನವೆಂಬರ್ 9ರಂದು. ಎಂಟು ವರ್ಷ ಸುಮ್ನೆ ಪುಸ್ತಕದಲ್ಲಿತ್ತು. ಅದರ 12ನೇ ಸೆಕ್ಷನ್ ಪ್ರಕಾರ ಪರಿಶಿಷ್ಟ ಜಾತಿ, ಪಂಗಡದವರು, ಹೆಂಗಸರು, ಮಕ್ಕಳು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು, ಜೈಲಿನಲ್ಲಿರುವವರು, ಇವರಿಗೆಲ್ಲ ಆದಾಯ ನೋಡದೆ ಉಚಿತ ವಕೀಲರನ್ನು ಕೊಡಬೇಕು. 15100ಕ್ಕೆ ಫೋನ್ ಮಾಡಿ ಕೇಳಬಹುದು. ಇನ್ನು ನಮ್ಮ ಬಾರ್ ಕೌನ್ಸಿಲ್ ನಿಯಮಗಳಲ್ಲೂ ಒಂದು ಮಾತಿದೆ: ತನ್ನ ಕೈಲಾದ ಮಟ್ಟಿಗೆ ಬಡವರಿಗೆ, ತುಳಿತಕ್ಕೊಳಗಾದವರಿಗೆ ಉಚಿತವಾಗಿ ನೆರವಾಗುವುದು ವಕೀಲರಾದವರು ಸಮಾಜಕ್ಕೆ ಸಲ್ಲಿಸಬೇಕಾದ ದೊಡ್ಡ ಕರ್ತವ್ಯಗಳಲ್ಲಿ ಒಂದು ಎಂದು. ಸನ್ನದು ತಗೊಳ್ಳುವ ದಿನ ಇದನ್ನು ಓದಿದವರು ಎಷ್ಟು ಜನ ಅಂತ ನಾನು ಕೇಳುವುದಿಲ್ಲ.

ಇಷ್ಟೆಲ್ಲ ಇದೆ. ಆದರೆ ಗಮನಿಸಿ, ಇದೆಲ್ಲ ಒಬ್ಬರಿಗೆ ಒಬ್ಬ ವಕೀಲರು ಎಂಬ ಲೆಕ್ಕದಲ್ಲಿದೆ. ನೂರು ಜನ ಒಂದೇ ಕಾರಣಕ್ಕೆ ಸೋಲುತ್ತಿದ್ದರೆ, ಆ ಕಾರಣ ಯಾವುದು, ಅದು ಕಾಯ್ದೆಯಲ್ಲಿದೆಯೋ ನಿಯಮದಲ್ಲಿದೆಯೋ ಕಚೇರಿಯಲ್ಲಿದೆಯೋ ಎಂದು ಹುಡುಕಿ ಕೊಡುವವರು ಯಾರು? ಅದಕ್ಕೆ ಪ್ಯಾನೆಲ್ ಇಲ್ಲ, ಗೌರವಧನ ಇಲ್ಲ, ವಾಯಿದೆಯೂ ಇಲ್ಲ. ಯಾರಾದರೂ ಮೈಮೇಲೆ ಹಾಕಿಕೊಂಡು ಮಾಡಬೇಕು. ಆ 'ಯಾರಾದರೂ' ನೀವಾಗಬೇಕು ಅಂತ ಕೇಳುವುದಕ್ಕೇ ಬಂದಿದ್ದೇನೆ.

ನಮ್ಮ ಸೀಮೆಯ ಉದಾಹರಣೆಯನ್ನೇ ತಗೊಳ್ಳೋಣ. ಪಿಟಿಸಿಎಲ್ ಕಾಯ್ದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು ಬೇರೆಯವರ ಪಾಲಾಗದಂತೆ ತಡೆಯಲು ದೇವರಾಜ ಅರಸು ಕಾಲದಲ್ಲಿ, 1978ರಲ್ಲಿ ತಂದದ್ದು. ಜಾರಿಯಾದದ್ದು 1979ರ ಜನವರಿ 1ರಿಂದ. ಚಿತ್ರದುರ್ಗ, ದಾವಣಗೆರೆ ಕಡೆ ಎ.ಸಿ. (ಅಸಿಸ್ಟೆಂಟ್ ಕಮಿಷನರ್, ಅಂದರೆ ಉಪವಿಭಾಗಾಧಿಕಾರಿ) ಕೋರ್ಟಿನ ಕಾರಿಡಾರಿನಲ್ಲಿ ನಿಂತವರಿಗೆಲ್ಲ ಈ ನಾಲ್ಕು ಅಕ್ಷರ ಗೊತ್ತು. ಮಂಜೂರಾತಿಯ ಷರತ್ತು ಮುರಿದು ಮಾರಿದ್ದರೆ ಆ ಮಾರಾಟ ಅಸಿಂಧು. ಕಾಯ್ದೆ ಬರುವುದಕ್ಕೆ ಮುಂಚೆ ಮಾರಿದ್ದರೂ ಅಷ್ಟೆ. ಕಾಯ್ದೆ ಬಂದ ಮೇಲಂತೂ ಸರ್ಕಾರದ ಪೂರ್ವಾನುಮತಿ ಇಲ್ಲದೆ ಪರಭಾರೆ, ಅಂದರೆ ಬೇರೆಯವರಿಗೆ ವರ್ಗಾವಣೆ, ಮಾಡುವ ಹಾಗಿಲ್ಲ. ಎ.ಸಿ.ಯವರು ಜಮೀನು ಬಿಡಿಸಿ ಮೂಲ ಮಂಜೂರಾತಿದಾರರಿಗೋ ಅವರ ವಾರಸುದಾರರಿಗೋ ಕೊಡಬೇಕು. 1984ರಲ್ಲಿ ಮಂಚೇಗೌಡ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಈ ಕಾಯ್ದೆಯನ್ನು ಎತ್ತಿಹಿಡಿಯಿತು.

ಕೇಳುವುದಕ್ಕೆ ಸರಳ. ಕಡತ ಬಿಚ್ಚಿದರೆ ಗೊತ್ತಾಗುತ್ತದೆ.

ಹೊಳಲ್ಕೆರೆ ಕಡೆಯ ಒಬ್ಬ ಅಜ್ಜಿ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಕಾಗದ ತಂದಿದ್ದರು. ಕಂದಾಯದ ರಸೀದಿ, ಹಳೇ ರೇಷನ್ ಕಾರ್ಡು, ಮಗನ ಟಿ.ಸಿ., ಸೊಸೈಟಿ ಸಾಲದ ನೋಟಿಸು. ಎಲ್ಲದರ ಅಡಿಯಲ್ಲಿ ನಾಲ್ಕು ಮಡಿಕೆಯಾಗಿ, ಮಡಿಕೆ ಬಿದ್ದ ಕಡೆಯೆಲ್ಲ ಹರಿದುಹೋದ ಸಾಗುವಳಿ ಚೀಟಿ, ಅಂದರೆ ಜಮೀನು ಮಂಜೂರಾದದ್ದಕ್ಕೆ ಸರ್ಕಾರ ಕೊಟ್ಟ ಪತ್ರ. "ಇದ್ನ ಯಾರೂ ನೋಡಲ್ಲ ತಾಯಿ, ಹಳೇದಾತು ಅಂತಾರೆ" ಎಂದರು. ಮುಂದುಗಡೆ ಗಂಡನ ಹೆಸರು, ಸರ್ವೆ ನಂಬರು, ವಿಸ್ತೀರ್ಣ, ಚಕ್ಕುಬಂದಿ. ಹಿಂದುಗಡೆ ಅಚ್ಚು ಹಾಕಿಸಿದ ಷರತ್ತುಗಳು. ಪರಭಾರೆ ಬಗ್ಗೆ ಇರುವ ಸಾಲು ಸರಿಯಾಗಿ ಮಡಿಕೆ ಮೇಲೆಯೇ ಬಿದ್ದಿತ್ತು. ಎಷ್ಟು ವರ್ಷ ಮಾರಬಾರದು ಎಂಬ ಅಂಕಿ ಇರಬೇಕಾದ ಜಾಗದಲ್ಲಿ ತೂತು.

ಆ ತೂತಿನಲ್ಲಿ ಇದ್ದದ್ದು ಏನು ಎನ್ನುವುದರ ಮೇಲೆ ಅಜ್ಜಿಯ ಎರಡೂವರೆ ಎಕರೆ ನಿಂತಿತ್ತು. ಮೂಲ ಕಡತಕ್ಕೆ ಅರ್ಜಿ ಹಾಕಿದೆವು. "ಕಡತ ಲಭ್ಯವಿಲ್ಲ" ಎಂದು ಕಚೇರಿಯಿಂದ ಹಿಂಬರಹ, ಅಂದರೆ ಲಿಖಿತ ಉತ್ತರ, ಬಂತು. ಇಲ್ಲಿಗೆ ಬಹಳಷ್ಟು ಜನ ಕೈ ಬಿಡುತ್ತಾರೆ. ನಮ್ಮ ಜೊತೆಗಿದ್ದ ಒಬ್ಬ ಜೂನಿಯರ್ ಹುಡುಗಿ ಮಾತ್ರ ಬಿಡಲಿಲ್ಲ. ಚೀಟಿಯ ಮೇಲೆ ಮಂಜೂರಾದ ವರ್ಷ ಓದುವ ಹಾಗಿತ್ತಲ್ಲ, ಆ ವರ್ಷ ಜಾರಿಯಲ್ಲಿದ್ದ ನಿಯಮ ಯಾವುದು ಎಂದು ಹುಡುಕಿದಳು. ಯಾಕೆಂದರೆ ಷರತ್ತು ಹುಟ್ಟುವುದು ಚೀಟಿಯಲ್ಲಿ ಅಲ್ಲ, ನಿಯಮದಲ್ಲಿ. ಚೀಟಿ ಅದರ ನಕಲು.

ಹಳೇ ಮೈಸೂರಿನ ಲ್ಯಾಂಡ್ ರೆವಿನ್ಯೂ ನಿಯಮಗಳಲ್ಲಿ 43(8) ಅಂತ ಒಂದಿತ್ತು. ಆಗ ಡಿಪ್ರೆಸ್ಡ್ ಕ್ಲಾಸ್ ಎಂದು ಕರೆಯುತ್ತಿದ್ದವರಿಗೆ ಕೊಟ್ಟ ಜಮೀನು, ಬಡವರಿಗೆ ಪುಕ್ಕಟೆಯಾಗಿಯೋ ಕಡಿಮೆ ಬೆಲೆಗೋ ಕೊಟ್ಟ ಜಮೀನು, ಇವನ್ನು ಪರಭಾರೆ ಮಾಡುವಂತಿಲ್ಲ, ಹಾಗೆಂದು ಮುಚ್ಚಳಿಕೆ ಬರೆದುಕೊಡಬೇಕು ಎಂದಿತ್ತು. ಆಮೇಲೆ ನಿಯಮ ಬದಲಾಯಿತು, ಷರತ್ತಿಗೆ ವರ್ಷಗಳ ಲೆಕ್ಕ ಬಂತು. 1969ರಲ್ಲಿ ಭೂಮಂಜೂರಾತಿ ನಿಯಮಗಳೇ ಬೇರೆಯಾದವು. ಹಾಗಾಗಿ ಒಂದೇ ಊರಿನ ಅಕ್ಕಪಕ್ಕದ ಎರಡು ಜಮೀನಿಗೆ ಎರಡು ಷರತ್ತು ಇರಬಹುದು. ನೀವು ಹರಪನಹಳ್ಳಿಯ ಕಡತ ಹಿಡಿದರೆ ಕಥೆಯೇ ಬೇರೆ. ಅದು 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ನಮಗೆ ಸೇರಿ, ಆಮೇಲೆ ಬಳ್ಳಾರಿಗೆ ಹೋಗಿ, ಈಗ ವಿಜಯನಗರದಲ್ಲಿದೆ. ಆದರೆ 1953ಕ್ಕೆ ಮುಂಚೆ ಅದು ಮದ್ರಾಸಿಗೆ ಸೇರಿತ್ತು. ಆಗಿನ ಮಂಜೂರಾತಿಗೆ ಮೈಸೂರಿನ ನಿಯಮ ತಂದು ವಾದ ಮಾಡಿದರೆ ಎದುರಿನ ವಕೀಲರು ಒಂದೇ ಮಾತಿಗೆ ಮುಗಿಸುತ್ತಾರೆ.

ಇನ್ನೊಂದು ಸಿಕ್ಕು ಇದೆ. ತೋಟಿ, ತಳವಾರಿಕೆಯಂಥ ವಂಶಪಾರಂಪರ್ಯದ ಹುದ್ದೆಗೆ ಬಂದ ಇನಾಂ ಜಮೀನನ್ನು ಪಿಟಿಸಿಎಲ್ ವ್ಯಾಖ್ಯೆಯಿಂದಲೇ ಹೊರಗಿಟ್ಟಿದ್ದಾರೆ. ಅದಕ್ಕೆ 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ನೋಡಬೇಕು. ಜಮೀನು ಕಳಕೊಂಡವರಿಗೆ ಈ ವ್ಯತ್ಯಾಸ ಗೊತ್ತಿರುವುದಿಲ್ಲ. "ನಮ್ದು ಸರ್ಕಾರಿ ಜಮೀನು" ಅಂತಷ್ಟೇ ಹೇಳುತ್ತಾರೆ. ಅರ್ಜಿ ಬರೆದುಕೊಟ್ಟವರಿಗೂ ಗೊತ್ತಿರುವುದಿಲ್ಲ. ವರ್ಷಗಟ್ಟಲೆ ಓಡಾಡಿದ ಮೇಲೆ ಆದೇಶ ಬರುತ್ತದೆ: ಈ ಕಾಯ್ದೆ ನಿಮಗೆ ಅನ್ವಯಿಸುವುದಿಲ್ಲ.

ನಾವು ಕೆಲವರು ಸೇರಿ ಇಂಥ ವಜಾ ಆದೇಶಗಳನ್ನು ಒಟ್ಟು ಹಾಕಿ ಓದತೊಡಗಿದೆವು. ಗೆದ್ದವು ಪಕ್ಕಕ್ಕೆ, ಸೋತವು ಮಾತ್ರ. ಒಂದೊಂದಕ್ಕೂ ಒಂದು ಸಾಲು: ಯಾಕೆ ಸೋತರು? ಕೆಲವರು ಮಂಜೂರಾತಿ ದಾಖಲೆ ಇಲ್ಲದೆ. ಕೆಲವರು ವಂಶವೃಕ್ಷ ಸರಿ ಇಲ್ಲದೆ. ಕೆಲವರು ವಾಯಿದೆಗೆ ಗೈರಾಗಿ, ಬಸ್ಸಿನ ದುಡ್ಡಿಲ್ಲದೆಯೋ ಕೂಲಿ ತಪ್ಪುತ್ತದೆ ಅಂತಲೋ. ನನಗೆ ಜಾಸ್ತಿ ಬೇಜಾರಾದದ್ದು ಇನ್ನೊಂದು ವಿಷಯಕ್ಕೆ. ಈ ಕಾಯ್ದೆಯ 5(3)ರಲ್ಲಿ ಒಂದು ಒಳ್ಳೇ ಮಾತಿದೆ. ಮಂಜೂರಾದ ಜಮೀನು ಮೂಲದವರ ಅಥವಾ ವಾರಸುದಾರರ ಕೈಯಲ್ಲಿ ಇಲ್ಲದೆ ಬೇರೆಯವರ ಸ್ವಾಧೀನದಲ್ಲಿದ್ದರೆ, ಅದು ಅಸಿಂಧು ಪರಭಾರೆಯಿಂದಲೇ ಅವರಿಗೆ ಬಂದಿದೆ ಎಂದು ಭಾವಿಸಬೇಕು. ಅಲ್ಲ ಅಂತ ತೋರಿಸುವ ಹೊಣೆ ಸ್ವಾಧೀನದಲ್ಲಿರುವವರದು. ಅಂದರೆ ಜಮೀನು ಸರ್ಕಾರ ಮಂಜೂರು ಮಾಡಿದ್ದು ಎಂದು ತೋರಿಸಿದರೆ ಅರ್ಧ ಭಾರ ಇಳಿಯಿತು. ನಾವು ಓದಿದ ಎಷ್ಟೋ ಆದೇಶಗಳಲ್ಲಿ ಈ ವಾದದ ಸುಳಿವೇ ಇರಲಿಲ್ಲ. ಎತ್ತಿ, ಸೋತದ್ದಲ್ಲ. ಎತ್ತಲೇ ಇಲ್ಲ.

ಇದು ಒಂದು ಕೇಸು ನಡೆಸುವ ವಕೀಲರಿಗೆ ಕಾಣಿಸುವುದಿಲ್ಲ. ಅವರಿಗೆ ತಮ್ಮ ಕಡತ ಮಾತ್ರ ಕಾಣುತ್ತದೆ. ಹತ್ತಾರು ಆದೇಶ ಪಕ್ಕ ಪಕ್ಕ ಇಟ್ಟಾಗ ಮಾತ್ರ ಕಾಣುತ್ತದೆ.

ವಿಳಂಬದ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಈ ಕಾಯ್ದೆಯಲ್ಲಿ ಅರ್ಜಿ ಹಾಕಲು ಕಾಲಮಿತಿ ಇರಲಿಲ್ಲ. 2017ರ ಅಕ್ಟೋಬರಿನಲ್ಲಿ ನೆಕ್ಕಂಟಿ ರಾಮಲಕ್ಷ್ಮಿ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಒಂದು ಮಾತು ಹೇಳಿತು: ಕಾಲಮಿತಿ ಬರೆದಿಲ್ಲದಿದ್ದರೂ ಸಮಂಜಸ ಅವಧಿಯೊಳಗೆ ಬರಬೇಕು, ಎರಡು ದಶಕ ಬಿಟ್ಟು ಬಂದರೆ ಆಗುವುದಿಲ್ಲ. ಅಲ್ಲಿಂದ ಶುರುವಾಯಿತು ನೋಡಿ, ಒಂದರ ಹಿಂದೆ ಒಂದು ವಜಾ. ಕೆಳಗೆ ಗೆದ್ದವರೂ ಮೇಲೆ ಸೋತರು. ಬೆಂಗಳೂರಿನಲ್ಲಿ ದಲಿತ ಸಂಘಟನೆಗಳು ತಿಂಗಳುಗಟ್ಟಲೆ ಧರಣಿ ಕೂತವು. 2023ರಲ್ಲಿ ವಿಧಾನಮಂಡಲ 5ನೇ ಸೆಕ್ಷನ್‌ಗೆ ತಿದ್ದುಪಡಿ ತಂದು, ಅರ್ಜಿಗೆ ಕಾಲಮಿತಿಯೇ ಇಲ್ಲ ಎಂದು ಸ್ಪಷ್ಟ ಮಾಡಿತು. ಮುಗಿಯಿತು ಅಂದುಕೊಂಡೆವು. 2024ರಲ್ಲಿ ಹೈಕೋರ್ಟಿನ ಒಂದು ವಿಭಾಗೀಯ ಪೀಠ, ಕಾಲಮಿತಿ ಬೇರೆ, ವಿಳಂಬ ಬೇರೆ, ತಿದ್ದುಪಡಿ ಮಾತಾಡುವುದು ಕಾಲಮಿತಿಯ ಬಗ್ಗೆ ಮಾತ್ರ ಎಂದಿತು. ಮತ್ತೆ ಗಂಟು ಬಿತ್ತು.

ಇಲ್ಲಿ ಸಂಶೋಧನೆ ಏನು ಮಾಡಬಹುದು? ಜನ ಯಾಕೆ ತಡವಾಗಿ ಬಂದರು ಎಂಬುದನ್ನು ದಾಖಲೆ ಸಮೇತ ತೋರಿಸಬಹುದು. ಮಂಜೂರಾತಿದಾರರು ತೀರಿಹೋದಾಗ ಮಕ್ಕಳಿಗೆ ಎಷ್ಟು ವಯಸ್ಸು, ಖಾತೆ ಬದಲಾವಣೆಗೆ ನೋಟಿಸು ಬಂದಿತ್ತೇ, ಪಹಣಿಯ 11ನೇ ಕಾಲಂನಲ್ಲಿ ಷರತ್ತು ನಮೂದಾಗಿತ್ತೇ ಅಥವಾ ಕಂಪ್ಯೂಟರಿಗೆ ಏರಿಸುವಾಗ ಬಿಟ್ಟುಹೋಯಿತೇ, ಇವನ್ನೆಲ್ಲ ಒಂದೊಂದು ಸರ್ವೆ ನಂಬರಿಗೆ ಹುಡುಕಿ ಕೋಷ್ಟಕ ಮಾಡಬಹುದು. "ಬಡವರಿಗೆ ಅನ್ಯಾಯ ಆಗಿದೆ" ಎಂದು ಭಾಷಣ ಮಾಡಿದರೆ ಯಾರೂ ಅಲ್ಲ ಅನ್ನುವುದಿಲ್ಲ, ಯಾರೂ ಏನೂ ಮಾಡುವುದೂ ಇಲ್ಲ. ಆ ಕೋಷ್ಟಕ ಕೈಗಿಟ್ಟರೆ ಉತ್ತರ ಕೊಡಲೇಬೇಕಾಗುತ್ತದೆ.

ಎಲ್ಲ ಸುಧಾರಣೆಗೂ ಕಾಯ್ದೆಯೇ ಬೇಕಾಗಿಲ್ಲ. ನನ್ನನ್ನು ಕೇಳಿದರೆ ಒಂದು ಸುತ್ತೋಲೆ ಸಾಕು: "ಕಡತ ಲಭ್ಯವಿಲ್ಲ" ಎಂದು ಹಿಂಬರಹ ಕೊಡುವಾಗ ಯಾವ ಯಾವ ರಿಜಿಸ್ಟರ್ ಹುಡುಕಿದಿರಿ, ಯಾವ ದಿನ, ಯಾರು ಹುಡುಕಿದರು ಎಂದು ಬರೆಯಲೇಬೇಕು. ದರಖಾಸ್ತು ರಿಜಿಸ್ಟರ್ ನೋಡಿದ್ರಾ, ಮ್ಯುಟೇಷನ್ ರಿಜಿಸ್ಟರ್ ನೋಡಿದ್ರಾ? ಇಷ್ಟು ಬರೆಯಬೇಕಾಗಿ ಬಂದರೆ ಅರ್ಧ ಕಡತ ತಾವಾಗಿಯೇ ಸಿಗುತ್ತವೆ ಅನ್ನುವುದು ನನ್ನ ಅನುಮಾನ. ಅಜ್ಜಿಯ ಕೇಸು ಈಗ ಡಿ.ಸಿ. (ಜಿಲ್ಲಾಧಿಕಾರಿ) ಕೋರ್ಟಿನಲ್ಲಿದೆ, ಅದರ ಬಗ್ಗೆ ಹೆಚ್ಚು ಮಾತಾಡುವುದು ಸರಿಯಲ್ಲ.

ಒಂದು ಮಾತು ಮರೆಯಬಾರದು. ಕೊಂಡವರೆಲ್ಲ ದೊಡ್ಡ ಕುಳಗಳಲ್ಲ. ನಮ್ಮ ಕಡೆ ಎಷ್ಟೋ ಕೇಸಿನಲ್ಲಿ ಕೊಂಡವರೂ ಒಂದೆರಡು ಎಕರೆಯ ರೈತರೇ, ಬೋರು ಕೊರೆಸಿ ಸಾಲ ಮಾಡಿಕೊಂಡವರು. ಅವರ ಬಗ್ಗೆ ಕಾಯ್ದೆ ಏನು ಹೇಳಬೇಕು ಅನ್ನುವುದೂ ಸಂಶೋಧನೆಯ ವಿಷಯ. ಅನುಕೂಲಕ್ಕೆ ಬಾರದ ಕಡತವನ್ನು ಪಕ್ಕಕ್ಕಿಟ್ಟು ಮಾಡಿದ ಪಟ್ಟಿಯನ್ನು ಕೋರ್ಟಿನಲ್ಲಿ ಎದುರಿನವರು ಐದು ನಿಮಿಷದಲ್ಲಿ ಹರಿದು ಹಾಕುತ್ತಾರೆ.

ಈ ಥರದ ಕೆಲಸಕ್ಕೆ ನಮ್ಮ ದೇಶದಲ್ಲಿ ಒಳ್ಳೇ ಪರಂಪರೆ ಇದೆ. ಬಂಧುವಾ ಮುಕ್ತಿ ಮೋರ್ಚಾ ಕೇಸು ಎಲ್ಲರೂ ಓದಿದ್ದೀರಿ. ಫರೀದಾಬಾದಿನ ಕಲ್ಲು ಕ್ವಾರಿಗಳ ಜೀತದ ಬಗ್ಗೆ 1982ರಲ್ಲಿ ಬಂದ ಒಂದು ಪತ್ರವನ್ನೇ ಸುಪ್ರೀಂ ಕೋರ್ಟ್ ರಿಟ್ ಅರ್ಜಿ ಎಂದು ತಗೊಂಡಿತು. ಪರೀಕ್ಷೆಗೆ ಅಷ್ಟು ಬರೆದರೆ ಮಾರ್ಕ್ಸ್ ಬರುತ್ತದೆ. ಆದರೆ ತೀರ್ಪು ಪೂರ್ತಿ ಓದಿ. ಕೋರ್ಟ್ ಇಬ್ಬರು ವಕೀಲರನ್ನು ಕಮಿಷನರುಗಳಾಗಿ ಕ್ವಾರಿಗೇ ಕಳಿಸಿತು. ಅವರು ಅಲ್ಲಿ ಕಲ್ಲಿನ ಧೂಳು ಹೇಗಿದೆ, ಕುಡಿಯುವ ನೀರು ಎಲ್ಲಿಂದ ಬರುತ್ತದೆ, ಯಾರು ಊರಿಗೆ ಹೋಗಲು ಬಿಡುತ್ತಿಲ್ಲ ಎಂದು ಕೂಲಿಗಳನ್ನು ಕೇಳಿ ಬರೆದುಕೊಂಡು ಬಂದರು. ಎದುರು ಪಕ್ಷದವರು, ಪಾಟೀ ಸವಾಲಿಗೆ ಒಳಪಡದ ಈ ವರದಿ ಸಾಕ್ಷ್ಯವೇ ಅಲ್ಲ ಎಂದು ತಕರಾರು ತೆಗೆದರು. ಕೋರ್ಟ್ ಒಪ್ಪಲಿಲ್ಲ. ಬಡವರು ತಮ್ಮ ಸಾಕ್ಷ್ಯ ತಾವೇ ಹೊತ್ತು ತರಲಾರರು, ಆ ಕೆಲಸ ಮಾಡುವ ದಾರಿ ಬೇಕು ಎನ್ನುವುದು ಅದರ ಹಿಂದಿನ ವಿಚಾರ.

ತೀರಾ ಈಚಿನದು ಬೇಕೆಂದರೆ ಸುಕನ್ಯಾ ಶಾಂತಾ ಕೇಸು, 2024ರ ಅಕ್ಟೋಬರ್ 3ರ ತೀರ್ಪು. ಆಕೆ ಪತ್ರಕರ್ತೆ. ಜೈಲುಗಳಲ್ಲಿ ಜಾತಿ ನೋಡಿ ಕೆಲಸ ಹಂಚುತ್ತಾರೆ, ಕಸ ಗುಡಿಸಲು ಒಬ್ಬರು, ಅಡುಗೆಗೆ ಇನ್ನೊಬ್ಬರು ಎಂದು ಬರೆದರು. ಇದಕ್ಕೆ ಆಧಾರ ಎಲ್ಲಿತ್ತು ಗೊತ್ತಾ? ರಾಜ್ಯಗಳ ಜೈಲು ಕೈಪಿಡಿಗಳಲ್ಲೇ ಇತ್ತು, ಅಚ್ಚಾಗಿ. ಎಲ್ಲರ ಕಪಾಟಿನಲ್ಲೂ ಇದ್ದ ಪುಸ್ತಕ. ಒಂದೊಂದು ರಾಜ್ಯದ ಕೈಪಿಡಿ ತರಿಸಿ, ಸಾಲು ಸಾಲು ಓದಿ, ಯಾವ ಪ್ಯಾರಾದಲ್ಲಿ ಜಾತಿ ಇದೆ ಎಂದು ಗುರುತು ಹಾಕಿ ಕೋರ್ಟಿನ ಮುಂದಿಟ್ಟ ಮೇಲೆ ಆ ನಿಯಮಗಳು ಬಿದ್ದವು. ಜೈಲಿನ ರಿಜಿಸ್ಟರುಗಳಿಂದ ಜಾತಿಯ ಕಾಲಂ ತೆಗೆಯಬೇಕು ಎಂದಿತು ಕೋರ್ಟ್. ಅಷ್ಟು ವರ್ಷ ಯಾರೂ ಓದಿರಲಿಲ್ಲವೇ? ಓದಿದ್ದರು. ಹಾಗೆ ಓದಿರಲಿಲ್ಲ.

ಸೋತ ಉದಾಹರಣೆಯೂ ಬೇಕಲ್ವಾ? ಪೂರ್ತಿ ಸೋಲು ಅನ್ನಲಾರೆ. ಚಳ್ಳಕೆರೆಯ ಅಮೃತ್ ಮಹಲ್ ಕಾವಲು. ನಿಮ್ಮಲ್ಲಿ ಆ ಕಡೆಯವರು ಇದ್ದೀರಿ. ಕುದಾಪುರ, ಉಳ್ಳಾರ್ತಿ ಸುತ್ತಲಿನ ಸಾವಿರಾರು ಎಕರೆ ಹುಲ್ಲುಗಾವಲನ್ನು ಡಿಆರ್‌ಡಿಒ, ಭಾರತೀಯ ವಿಜ್ಞಾನ ಸಂಸ್ಥೆ, ಬಾರ್ಕ್, ಇಸ್ರೋಗೆ ಕೊಟ್ಟರು. ಡಿಆರ್‌ಡಿಒ ಒಂದಕ್ಕೇ 4 ಸಾವಿರ ಎಕರೆಗೂ ಜಾಸ್ತಿ. ಕುರಿ ಮೇಯಿಸುವವರಿಗೆ, ಕಂಬಳಿ ನೇಯುವವರಿಗೆ ಅದು ಬದುಕು. ಅವರಿಗೆ ವಿಷಯ ಸರಿಯಾಗಿ ಗೊತ್ತಾದದ್ದು ಗೋಡೆ ಏಳುವಾಗ. ಬೆಂಗಳೂರಿನ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪಿನ ಲಿಯೋ ಸಲ್ಡಾನಾ ಮತ್ತು ಊರಿನವರ ಹೋರಾಟ ಸಮಿತಿ 2013ರಲ್ಲಿ ಚೆನ್ನೈನ ಹಸಿರು ನ್ಯಾಯಮಂಡಳಿಗೆ ಹೋದರು. ಸಲ್ಡಾನಾ ವಕೀಲರಲ್ಲ, ತಾವೇ ನಿಂತು ವಾದ ಮಾಡಿದವರು. ಅವರ ಬಲ ಇದ್ದದ್ದು ದಾಖಲೆಗಳಲ್ಲಿ. ಯಾವ ಸರ್ವೆ ನಂಬರು, ಯಾವ ದಿನ, ಯಾವ ಆದೇಶದಲ್ಲಿ ಯಾರಿಗೆ ಹೋಯಿತು ಎಂದು ಜೋಡಿಸಿ ಇಟ್ಟರು. ನ್ಯಾಯಮಂಡಳಿ ಸತ್ಯಶೋಧನಾ ಸಮಿತಿ ಕಳಿಸಿತು. 2014ರ ಆಗಸ್ಟಿನಲ್ಲಿ ತೀರ್ಪಾಯಿತು. ಯೋಜನೆಗಳು ನಿಲ್ಲಲಿಲ್ಲ. 2017ರಲ್ಲಿ ಡಿಆರ್‌ಡಿಒ ಪರೀಕ್ಷಾ ವಲಯ ಉದ್ಘಾಟನೆಯೂ ಆಯಿತು. ಆದರೆ ಆ ದಾಖಲೆ ಜೋಡಣೆ ಉಳಿಯಿತು. ಇನ್ನು ಮುಂದೆ ಚಿತ್ರದುರ್ಗ ಜಿಲ್ಲೆಯ ಕಾವಲು, ಗೋಮಾಳದ ಬಗ್ಗೆ ಯಾರು ಕೇಸು ಹಾಕಿದರೂ ಸೊನ್ನೆಯಿಂದ ಶುರು ಮಾಡಬೇಕಾಗಿಲ್ಲ. ನನ್ನ ಅಸಮಾಧಾನ ಒಂದೇ. ಅದರಲ್ಲಿ ಬಹುಪಾಲು ಇಂಗ್ಲಿಷಿನಲ್ಲಿದೆ. ಉಳ್ಳಾರ್ತಿಯ ಕುರಿಗಾಹಿಗೆ ತನ್ನದೇ ಕೇಸಿನ ಕಾಗದ ಓದಲು ಬರುವುದಿಲ್ಲ. ನೀವು ಏನೇ ಸಂಶೋಧನೆ ಮಾಡಿ, ಎರಡು ಪುಟವಾದರೂ ಕನ್ನಡದಲ್ಲಿ ಬರೆದು ಆ ಊರಿಗೆ ಕೊಟ್ಟು ಬನ್ನಿ.

ಹಾಗೆ ನೋಡಿದರೆ ಇಲ್ಲೇ ಪಕ್ಕದ ಹಾವೇರಿ ಸೀಮೆಯ ವಕೀಲ ಎಲ್.ಜಿ. ಹಾವನೂರರನ್ನು ನೆನೆಯಬೇಕು. ಅವರು ನಡೆಸಿದ್ದು ಸರ್ಕಾರ ನೇಮಿಸಿದ ಆಯೋಗ, ಸ್ವಯಂಸೇವೆ ಅಲ್ಲ, ಸರಿ. ಆದರೆ 1975ರಲ್ಲಿ ಅವರು ಕೊಟ್ಟ ಹಿಂದುಳಿದ ವರ್ಗಗಳ ವರದಿಯ ಶಕ್ತಿ ಇರುವುದು ಘೋಷಣೆಯಲ್ಲಲ್ಲ. ಮನೆ ಮನೆ ಸಮೀಕ್ಷೆಯಲ್ಲಿ, ಎಸ್ಸೆಸ್ಸೆಲ್ಸಿ ಫಲಿತಾಂಶದ ಲೆಕ್ಕದಲ್ಲಿ.

ಜೈಲಿನ ವಿಷಯ ಬಂತಲ್ಲ, ಅಲ್ಲಿ ನಾಳೆಯೇ ಶುರು ಮಾಡಬಹುದಾದ ಕೆಲಸ ಇದೆ. ಸಿಆರ್‌ಪಿಸಿ ಬದಲಿಗೆ ಬಂದ ಹೊಸ ಕ್ರಿಮಿನಲ್ ಪ್ರಕ್ರಿಯೆ ಕಾಯ್ದೆ ಬಿಎನ್‌ಎಸ್‌ಎಸ್‌ನ 479ನೇ ಸೆಕ್ಷನ್ ಪ್ರಕಾರ, ಹಿಂದೆ ಯಾವ ಅಪರಾಧದಲ್ಲೂ ದೋಷಿ ಎಂದು ತೀರ್ಪಾಗದವರು ಆ ಅಪರಾಧದ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ವಿಚಾರಣಾಧೀನರಾಗಿ ಕಳೆದಿದ್ದರೆ ಬಿಡುಗಡೆಗೆ ಅರ್ಹರು. ಉಳಿದವರಿಗೆ ಅರ್ಧ. ಮರಣದಂಡನೆ, ಜೀವಾವಧಿ ಶಿಕ್ಷೆಯ ಕೇಸುಗಳಿಗೆ ಇದು ಇಲ್ಲ, ಒಂದಕ್ಕಿಂತ ಹೆಚ್ಚು ಕೇಸಿದ್ದರೂ ತೊಡಕು. ಕಾಯ್ದೆ ಬರುವುದಕ್ಕೆ ಮುಂಚಿನ ಕೇಸುಗಳಿಗೂ ಇದು ಅನ್ವಯ ಎಂದು 2024ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅವಧಿ ಮುಗಿದ ಕೂಡಲೇ ಕೋರ್ಟಿಗೆ ತಿಳಿಸುವ ಹೊಣೆ ಜೈಲು ಸೂಪರಿಂಟೆಂಡೆಂಟರದು. ಆದರೆ ಲೆಕ್ಕ ಹಾಕುವವರು ಬೇಕಲ್ಲ. ಯಾರ ಮೇಲೆ ಯಾವ ಸೆಕ್ಷನ್, ಗರಿಷ್ಠ ಎಷ್ಟು, ಒಳಗೆ ಬಂದ ದಿನ ಯಾವುದು. ಕೂಡು, ಕಳೆ, ಭಾಗಿಸು. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಅನುಮತಿ ತಗೊಂಡು ಹೋಗಿ. 1979ರ ಹುಸೈನಾರಾ ಖಾತೂನ್ ಕೇಸು ಹುಟ್ಟಿದ್ದೂ ಹೀಗೆಯೇ ಅಲ್ವಾ? ಬಿಹಾರದ ವಿಚಾರಣಾಧೀನರ ಬಗ್ಗೆ ಪತ್ರಿಕೆಯಲ್ಲಿ ಬಂದದ್ದನ್ನು ಹಿಡಿದು ಕಪಿಲಾ ಹಿಂಗೋರಾನಿ ಕೋರ್ಟಿಗೆ ಹೋದರು. ತಮ್ಮ ಅಪರಾಧಕ್ಕೆ ಇರುವ ಶಿಕ್ಷೆಗಿಂತ ಜಾಸ್ತಿ ದಿನ ವಿಚಾರಣೆಯೇ ಇಲ್ಲದೆ ಒಳಗಿದ್ದವರು ಆಗ ಹೊರಗೆ ಬಂದರು.

ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಬಗ್ಗೆ ಮಾತಾಡಬೇಕು ಅಂದುಕೊಂಡಿದ್ದೆ, ಸಮಯ ಇಲ್ಲ. ಸಂಜೆ ಮಿರ್ಚಿ ಜೊತೆ ಮಂಡಕ್ಕಿ ತಿನ್ನುವಾಗ ಅಲ್ಲಿನ ಹೊಗೆ, ಕೂಲಿ, ಮಕ್ಕಳ ದುಡಿಮೆ ಬಗ್ಗೆ ಯಾವ ಯಾವ ಇಲಾಖೆಗೆ ಯಾವ ಹೊಣೆ ಇದೆ ಎಂದು ಒಂದು ಪಟ್ಟಿ ಮಾಡಿ ನೋಡಿ. ಕಾರ್ಮಿಕ ಇಲಾಖೆ, ಮಾಲಿನ್ಯ ಮಂಡಳಿ, ಪಾಲಿಕೆ ಮೂರೂ ಒಬ್ಬರ ಕಡೆ ಒಬ್ಬರು ಬೊಟ್ಟು ಮಾಡುವ ಜಾಗ ಎಲ್ಲಿ ಅಂತ ಗೊತ್ತಾಗುತ್ತದೆ.

ಇನ್ನು ಪ್ರಶ್ನೆಗಳು. ಬಂದ ಚೀಟಿಗಳಲ್ಲಿ ಕೆಲವಕ್ಕೆ ಉತ್ತರಿಸುತ್ತೇನೆ.

"ಮೇಡಂ, ಇದರಿಂದ ಹೊಟ್ಟೆ ತುಂಬುತ್ತಾ?" ತುಂಬುವುದಿಲ್ಲ. ಸುಳ್ಳು ಹೇಳಿ ನಿಮ್ಮನ್ನು ಕರೆಯಲಾರೆ. ಜೂನಿಯರುಗಳಿಗೆ ಬಸ್ ಚಾರ್ಜೂ ಕೊಡದ ಆಫೀಸುಗಳಿವೆ, ಅಂಥ ಸ್ಥಿತಿಯಲ್ಲಿ ಇರುವವರನ್ನು ಇನ್ನಷ್ಟು ಪುಕ್ಕಟೆ ದುಡಿಯಿರಿ ಎನ್ನುವುದು ನನಗೂ ಮುಜುಗರವೇ. ಬಾರ್ ಕೌನ್ಸಿಲ್ ನಿಯಮವೂ ಕೈಲಾದ ಮಟ್ಟಿಗೆ ಎಂದೇ ಹೇಳುತ್ತದೆ. ಮನೆ ನಡೆಯಲಿ, ತಿಂಗಳಿಗೆ ಎರಡು ಶನಿವಾರ ಕೊಡಿ. ಆದರೆ ಕೊಟ್ಟ ಶನಿವಾರ ಗಟ್ಟಿ ಕೆಲಸ ಮಾಡಿ. ಪುಕ್ಕಟೆ ತಾನೇ ಅಂತ ಅರ್ಧ ಓದಿ ಬರೆದ ಟಿಪ್ಪಣಿ, ಬರೆಯದೇ ಇರುವುದಕ್ಕಿಂತ ಅಪಾಯ. ದುಡ್ಡು ಕೊಟ್ಟ ಕಕ್ಷಿದಾರರು ಜಗಳ ಮಾಡಿಯಾದರೂ ಕೇಳುತ್ತಾರೆ, ಇವರು ಕೇಳುವುದೂ ಇಲ್ಲ.

"ಎ.ಐ. ಬಳಸಬಹುದಾ?" ಹುಡುಕಲು ಬಳಸಿ, ನಂಬಬೇಡಿ. ಅಸ್ತಿತ್ವದಲ್ಲೇ ಇಲ್ಲದ ತೀರ್ಪುಗಳನ್ನು ಉಲ್ಲೇಖಿಸಿದ ಕೆಳ ನ್ಯಾಯಾಲಯದ ಆದೇಶದ ಬಗ್ಗೆ ನಮ್ಮ ಹೈಕೋರ್ಟ್ 2025ರಲ್ಲಿ ಗರಂ ಆದದ್ದು ಓದಿರಬೇಕು. ಸುಪ್ರೀಂ ಕೋರ್ಟಿನ ಇ-ಎಸ್‌ಸಿಆರ್ ಜಾಲತಾಣದಲ್ಲಿ ತೀರ್ಪುಗಳು ಪುಕ್ಕಟೆ ಸಿಗುತ್ತವೆ, ಕೆಲವು ಕನ್ನಡದಲ್ಲೂ ಇವೆ. ಮೂಲ ತೆಗೆದು, ಪ್ಯಾರಾ ನಂಬರು ನೋಡಿ, ಆಮೇಲೆ ಬರೆಯಿರಿ. ಮತ್ತೆ ಅಜ್ಜಿಯಂಥವರ ಹೆಸರು, ಆಧಾರ್, ಸರ್ವೆ ನಂಬರು ಇರುವ ಕಾಗದವನ್ನು ಕಂಡ ಕಂಡ ಆ್ಯಪಿಗೆ ಹಾಕಬೇಡಿ. ಫೀಸು ಇಲ್ಲದಿದ್ದರೂ ಅವರು ನಿಮ್ಮ ಕಕ್ಷಿದಾರರೇ.

ಕೊನೇ ಚೀಟಿ, "ಎಲ್ಲಿಂದ ಶುರು ಮಾಡಬೇಕು?" ನಿಮ್ಮ ಉಪವಿಭಾಗದ ಎ.ಸಿ. ಕೋರ್ಟಿನಲ್ಲಿ ಕಳೆದ ಮೂರು ವರ್ಷದಲ್ಲಿ ಆದ ಪಿಟಿಸಿಎಲ್ ಆದೇಶಗಳ ಪ್ರತಿ ಕೇಳಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್, ಆಮೇಲೆ ಪುಟಕ್ಕೆ ಎರಡು ರೂಪಾಯಿ, ಮೂವತ್ತು ದಿನ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ದಾಟಬಾರದು ಎಂದಿದೆ. ಆ ನೆಪಕ್ಕೆ ಅರ್ಜಿ ವಾಪಸ್ ಬರುತ್ತದೆ, ಹಾಗಾಗಿ ಪೀಠಿಕೆ ಗೀಠಿಕೆ ಬೇಡ. ಬೇಕಾದದ್ದು ಮೂರು ಸಾಲು. ಬಂದ ಆದೇಶಗಳಲ್ಲಿ ವಜಾ ಆದವನ್ನು ಬೇರೆ ಮಾಡಿ, ಒಂದೊಂದಕ್ಕೂ ಕಾರಣ ಒಂದು ಸಾಲು ಬರೆಯಿರಿ. ಚನ್ನಗಿರಿ ತಾಲ್ಲೂಕಿನ ಪಟ್ಟಿಯನ್ನು ನಾವು ಶುರು ಮಾಡಿದ್ದೇವೆ, ಅರ್ಧಕ್ಕೆ ನಿಂತಿದೆ, ಓದುವವರು ಸಾಲದು. ಆ ಕಡೆಯವರು ಯಾರಾದರೂ ಇದ್ದರೆ ಊಟಕ್ಕೆ ಹೋಗುವ ಮುಂಚೆ ನನ್ನ ಹತ್ತಿರ ಬಂದು ಹೆಸರು ಕೊಡಿ.